ಕರೆಂಟ್ ಹೋದಾಗ ಕೊಲೆಗಾರ ಯಾರು: ಪುಸ್ತಕ, ಸಿನಿಮಾ, ಸರಣಿ, ಆಡಿಯೋ ಹೋಲಿಕೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನಲ್ಲಿ ಮನೆಯೊಳಗೆ ಕೂತು ಪತ್ತೇದಾರಿ ಕಥೆ ಹಿಡಿಯುವವರಿಗೆ ದಾರಿ ನಾಲ್ಕು: ಅಚ್ಚಾದ ಪುಸ್ತಕ, ಸಿನಿಮಾ, ವೆಬ್ ಸರಣಿ, ಆಡಿಯೋ. ನಾಲ್ಕನ್ನೂ ಮಳೆಗಾಲದಲ್ಲೇ, ಅದೇ ವೈರಿಂಗು ಅದೇ ಸಿಮ್ಮು ಇಟ್ಟುಕೊಂಡು ನೋಡಿದ ಮೇಲೆ ಬರೆದದ್ದು ಇದು. ಯಾವುದು ದೊಡ್ಡ ಕಲೆ ಎಂಬ ಜಗಳ ಇಲ್ಲಿಲ್ಲ. ನೋಡಿದ್ದು ಎರಡೇ ಮಾತು. ಕೊಲೆಗಾರನನ್ನು ಹಿಡಿಯಲು ಬೇಕಾದ ಸುಳಿವನ್ನು ಕಥೆ ನಮ್ಮ ಕೈಗೂ ಕೊಟ್ಟಿತೇ? ನಡುವೆ ಕರೆಂಟ್ ಹೋದರೆ ಕಥೆ ತಾಳಿಕೊಂಡಿತೇ?

ಪರೀಕ್ಷೆಯ ಕ್ರಮ ಸರಳ. ಕಥೆ ಮುಕ್ಕಾಲು ಮುಗಿದಾಗ ನಿಲ್ಲಿಸಿ ಒಂದು ಚೀಟಿಯಲ್ಲಿ ಮೂರು ಸಾಲು ಬರೆಯಬೇಕು: ಕೊಲೆ ಮಾಡಿದವರು ಯಾರು, ಯಾಕೆ, ಹಾಗೆನ್ನಲು ಆಧಾರ ಕಥೆಯಲ್ಲಿ ಎಲ್ಲಿ ಸಿಕ್ಕಿತು. 220 ಪುಟದ ಕಾದಂಬರಿಯಾದರೆ 165ನೇ ಪುಟ, ಎರಡು ಗಂಟೆಯ ಸಿನಿಮಾ ಆದರೆ ಒಂದೂವರೆ ಗಂಟೆ, ಆರು ಕಂತಿನ ಸರಣಿಯಾದರೆ ಐದನೇ ಕಂತಿನ ನಡು. ಹೆಸರು ಸರಿ ಬಂದು ಮೂರನೇ ಸಾಲು ಖಾಲಿ ಬಿದ್ದಿದ್ದರೆ ಅದು ಪತ್ತೆಯಲ್ಲ, ಬರೀ ಊಹೆ. ಉತ್ತರ ತಿಳಿದ ಮೇಲೆ ಹಿಂದಿರುಗಿ ಹುಡುಕಿದರೂ ಮೊದಲ ಮುಕ್ಕಾಲು ಭಾಗದಲ್ಲಿ ಆಧಾರ ಸಿಗದಿದ್ದರೆ ತಪ್ಪು ಓದುಗನದಲ್ಲ, ಬರೆದವರದು.

ಈ ಚೀಟಿಯಲ್ಲಿ ಸಿನಿಮಾ ಮೊದಲು ಸೋಲುವುದು ಒಂದು ಹಳೇ ಕಾರಣಕ್ಕೆ. ಹೆಸರಾಂತ ನಟ ಮೊದಲರ್ಧದಲ್ಲಿ ಎರಡೇ ದೃಶ್ಯಕ್ಕೆ ಬಂದು, ಟೀ ಕುಡಿದು, ಏನೂ ಹೇಳದೆ ಹೋದರೆ ಅವನೇ ಕೊಲೆಗಾರ ಎಂದು ಬರೆದುಬಿಡಬಹುದು. ಅಷ್ಟು ಸಂಭಾವನೆ ಕೊಟ್ಟು ಕರೆಸಿದವರನ್ನು ಯಾರೂ ಸುಮ್ಮನೆ ಕೂರಿಸುವುದಿಲ್ಲ. ಪುಸ್ತಕದಲ್ಲಿ ಈ ಸೋರಿಕೆ ಇಲ್ಲ. ಅಲ್ಲಿ ಅಡುಗೆಯವನೂ ಎಸ್ಟೇಟ್ ಧಣಿಯೂ ಒಂದೇ ಅಳತೆಯ ಅಕ್ಷರದಲ್ಲಿರುತ್ತಾರೆ.

ಕನ್ನಡದ ಇತ್ತೀಚಿನ ಒಳ್ಳೆಯ ಅಪರಾಧ ಸಿನಿಮಾಗಳು ಈ ತೊಡಕನ್ನು ಎರಡು ಬಗೆಯಲ್ಲಿ ದಾಟಿವೆ. ಒಂದು, ‘ಯಾರು’ ಎಂಬ ಪ್ರಶ್ನೆಯನ್ನೇ ಕೆಳಗಿಡುವುದು. 2024ರ ‘ಶಾಖಾಹಾರಿ’ಯಲ್ಲಿ ನಮ್ಮ ಕುತೂಹಲ ಹೋಟೆಲ್ ಅಡುಗೆಯ ಸುಬ್ಬಣ್ಣ ಹೇಗೆ ಪಾರಾಗುತ್ತಾನೆ, ಎಲ್ಲಿ ಸಿಕ್ಕಿಬೀಳುತ್ತಾನೆ ಎಂಬುದರ ಮೇಲೆ. ಇಂಥದಕ್ಕೆ ಚೀಟಿ ಪರೀಕ್ಷೆ ಅನ್ವಯಿಸುವುದಿಲ್ಲ, ಅನ್ವಯಿಸಲೂಬಾರದು. ಇನ್ನೊಂದು, ಕಾಲವನ್ನು ಹಿಂದಕ್ಕೆ ಸರಿಸುವುದು. 2019ರ ‘ಬೆಲ್ ಬಾಟಂ’ ಎಂಬತ್ತರ ದಶಕಕ್ಕೆ ಹೋಯಿತು. ಅದೇ ವರ್ಷದ ‘ಕವಲುದಾರಿ’ಯಲ್ಲಿ ಟ್ರಾಫಿಕ್ ಪೊಲೀಸೊಬ್ಬ ಹಳೇ ಮೂಳೆಗಳ ಬೆನ್ನು ಹತ್ತಿದ. 2025ರ ‘ಅಜ್ಞಾತವಾಸಿ’ಯಲ್ಲಿ ಊರಿಗೆ ಮೊದಲ ಕಂಪ್ಯೂಟರ್ ಬರುವ ಕಾಲದ ಮಲೆನಾಡಿನ ಹಳ್ಳಿ, ಇಪ್ಪತ್ತೈದು ವರ್ಷ ಒಂದೂ ಅಪರಾಧ ಕಾಣದ ಠಾಣೆ, ರಂಗಾಯಣ ರಘು ಇನ್‌ಸ್ಪೆಕ್ಟರ್. ಹಿಂದಕ್ಕೆ ಹೋಗುವುದರ ಲಾಭ ನೇರವಾದದ್ದು. ಮೊಬೈಲ್ ಕರೆಗಳ ಪಟ್ಟಿ, ಟವರ್ ಲೊಕೇಶನ್, ಸಿಸಿಟಿವಿ ಇದ್ದರೆ ಅರ್ಧ ಕಥೆ ಎರಡೇ ದಿನಕ್ಕೆ ಮುಗಿಯುತ್ತದೆ. ಅವಿಲ್ಲದಿದ್ದರೆ ಇನ್‌ಸ್ಪೆಕ್ಟರ್ ಮನೆಮನೆಗೆ ನಡೆದು ಮಾತಾಡಿಸಬೇಕು, ನಾವೂ ಕೇಳಿಸಿಕೊಳ್ಳಬೇಕು. (ಕೊಡಗಿನಲ್ಲಿ ಕಥೆ ಇಡುವವರು ಅಷ್ಟು ಹಿಂದೆ ಹೋಗಬೇಕಿಲ್ಲ. ಜುಲೈಯಲ್ಲಿ ಟವರ್‌ನ ಡೀಸೆಲ್ ಮುಗಿದರೆ ಸಾಕು.)

ಕೊಡಗಿನ ಮನೆಯಲ್ಲಿ ಕೂತು ನೋಡುವಾಗ ಕಥೆಗಳ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಹೋಲಿಕೆಯಲ್ಲಿ ಹೆಚ್ಚು ಅಂಕ ಕಳೆದದ್ದು ಇಲ್ಲೇ. ಗೋಡೆ ಮೇಲೆ ಕೋವಿ ಕಂಡ ಕೂಡಲೇ ಹಿನ್ನೆಲೆ ಸಂಗೀತ ಏರಿದರೆ ಬರೆದವರು ಹೊರಗಿನವರು ಎಂದೇ ಅರ್ಥ. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರ ತನಕ ಮುಂದುವರಿಸಿತು. ಕೊಡವರ ಆಯುಧಪೂಜೆ ಹಬ್ಬವಾದ ಕೈಲ್‌ಪೊಳ್ದ್ ದಿನ ಪೂಜೆಗೆ ಇಡುವ ವಸ್ತು ಅದು. ಕೋವಿ ಇರುವುದು ಸುಳಿವಲ್ಲ, ಇರಬೇಕಾದ ಜಾಗದಲ್ಲಿ ಇಲ್ಲದಿರುವುದು ಸುಳಿವು. ಇನ್ನೂ ದೊಡ್ಡ ತಪ್ಪು ಪ್ರಯೋಗಾಲಯದ ದೃಶ್ಯದಲ್ಲಿ. 12 ಬೋರ್ ಕೋವಿಯ ನಳಿಗೆ ಒಳಗೆ ನುಣುಪು. ರೈಫಲ್‌ಗೆ ಇರುವ ಸುರುಳಿ ಗೀರು ಅದಕ್ಕಿಲ್ಲ. ಹಾಗಾಗಿ ದೇಹದಿಂದ ತೆಗೆದ ಚರೆ (ತೋಟಾದೊಳಗಿನ ಸಣ್ಣ ಗುಂಡು) ಇದೇ ಕೋವಿಯದು ಎಂದು ಸೂಕ್ಷ್ಮದರ್ಶಕದಲ್ಲಿ ಹೊಂದಿಸಿ ತೋರಿಸುವುದು ಆಗದ ಮಾತು. ಹೊಂದಿಸಲು ಬರುವುದು ಖಾಲಿ ತೋಟಾದ ಹಿಂಭಾಗದಲ್ಲಿ ಬಡಿಗಡ್ಡಿ (ಫೈರಿಂಗ್ ಪಿನ್) ಬಿಟ್ಟ ಗುರುತು. ಚರೆ ಎಷ್ಟು ಹರಡಿದೆ ಎಂಬುದರಿಂದ ಎಷ್ಟು ದೂರದಿಂದ ಹೊಡೆದದ್ದು ಎಂದು ಅಂದಾಜಿಸಬಹುದು, ಅದೂ ಅದೇ ಕೋವಿಯಿಂದ ಅದೇ ಬಗೆಯ ತೋಟಾ ಹೊಡೆದು ನೋಡಿದ ಮೇಲೆ. ಇಷ್ಟನ್ನು ಎರಡು ಪುಟದಲ್ಲಿ ವಿವರಿಸುವ ತಾಳ್ಮೆ ಕಾದಂಬರಿಗಿದೆ. ಸಿನಿಮಾಗೆ ಹತ್ತು ಸೆಕೆಂಡ್, ಒಂದು ಹಸಿರು ದೀಪ, ‘ಮ್ಯಾಚ್ ಆಯ್ತು ಸರ್’.

ರಕ್ತದ ಕಲೆಯೂ ಹಾಗೆಯೇ. ಜಿಗಣೆಯ ಎಂಜಲಲ್ಲಿರುವ ಹಿರುಡಿನ್‌ನಂಥ ರಾಸಾಯನಿಕ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ಕಚ್ಚಿದ ಜಾಗ ಗಂಟೆಗಟ್ಟಲೆ ಒಸರುತ್ತದೆ. ಪ್ಯಾಂಟಿನ ತುದಿಗೆ ರಕ್ತ ಅಂಟಿದವರನ್ನೆಲ್ಲ ಹಿಡಿಯುವುದಾದರೆ ಜುಲೈಯಲ್ಲಿ ತೋಟಕ್ಕಿಳಿದವರಲ್ಲಿ ಒಬ್ಬರೂ ಉಳಿಯುವುದಿಲ್ಲ. ಸಾವಿನ ಸಮಯ ಇನ್ನೊಂದು. ದೇಹ ಸೆಟೆದುಕೊಳ್ಳುವುದು, ತಣ್ಣಗಾಗುವುದು, ಕೊಳೆಯುವುದು ಎಲ್ಲಕ್ಕೂ ಸುತ್ತಲ ಶಾಖ ಮುಖ್ಯ. ಒದ್ದೆ ಬಟ್ಟೆಯಲ್ಲಿ ಮಳೆಗೆ ಬಿದ್ದ ದೇಹ ಬೇಗ ತಣ್ಣಗಾಗುತ್ತದೆ, ನಿಧಾನ ಕೊಳೆಯುತ್ತದೆ. ‘ರಾತ್ರಿ ಹತ್ತೂಕಾಲಕ್ಕೆ ಸತ್ತಿದ್ದಾನೆ’ ಎಂದು ವೈದ್ಯರ ಬಾಯಲ್ಲಿ ಹೇಳಿಸಿದರೆ ಅಂಕ ಕಡಿತ. ‘ಎಂಟರಿಂದ ಒಂದರೊಳಗೆ’ ಎಂದರೆ ನಂಬಬಹುದು. ಐದು ಗಂಟೆಯ ಆ ಸಡಿಲಿನಲ್ಲೇ ಸುಳ್ಳು ಸಾಕ್ಷಿಗೆ ಜಾಗ ಸಿಗುವುದು.

ಕಾನೂನಿನ ಸೆಕ್ಷನ್ನು ಈಗ ಎಲ್ಲರನ್ನೂ ಎಡವಿಸುತ್ತಿದೆ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಬಂದಿವೆ. ಕೊಲೆಗೆ 302 ಅಲ್ಲ, ನ್ಯಾಯ ಸಂಹಿತೆಯ 103. ಅಸಹಜ ಸಾವಿನ ವಿಚಾರಣೆ, ಅಂದರೆ ಠಾಣೆಯ ಮಾತಲ್ಲಿ ಯುಡಿಆರ್, 174ರ ಬದಲು ಸುರಕ್ಷಾ ಸಂಹಿತೆಯ 194. ಆದರೆ ಕೃತ್ಯ ನಡೆದದ್ದು ಆ ದಿನಕ್ಕೆ ಮುಂಚೆಯಾದರೆ ಕೊಲೆಗೆ 302 ಎನ್ನುವುದೇ ಸರಿ. ಆದ್ದರಿಂದ ಹಳೇ ಕಾಲದ ಕಥೆಗಳು ಇಲ್ಲೂ ಬಚಾವು. ಶೋಧ, ಜಪ್ತಿ ನಡೆದಾಗ ವಿಡಿಯೋ ತೆಗೆಯಬೇಕೆಂದು ಸುರಕ್ಷಾ ಸಂಹಿತೆಯ 105 ಹೇಳುತ್ತದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂಬುದು ಅದರದೇ 176ರಲ್ಲಿದೆ, ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ. ಹೀರೋ ಒಬ್ಬನೇ ಬೀರು ಒಡೆದು ಡೈರಿ ಹಿಡಿದು ಹೊರಬರುವ ದೃಶ್ಯ ಇನ್ನು ಮುಂದೆ ವಕೀಲರ ಪಾಲಿನ ಹಬ್ಬ. ಹೊಸತಾದರೂ ಹಳತಾದರೂ ಬದಲಾಗದ ಒಂದು ನಿಯಮ: ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಆ ಮಾತಿನಿಂದ ಕತ್ತಿಯೋ ಬಟ್ಟೆಯೋ ಪತ್ತೆಯಾದರೆ ಅಷ್ಟು ಭಾಗ ಮಾತ್ರ ನಿಲ್ಲುತ್ತದೆ. ಠಾಣೆಯಲ್ಲಿ ನಾಲ್ಕು ಏಟು, ಒಂದು ಅಳು, ಚಿತ್ರ ಸಮಾಪ್ತಿ ಎಂಬ ಮುಕ್ತಾಯಕ್ಕೆ ಚೀಟಿಯಲ್ಲಿ ಸೊನ್ನೆ.

ಸರಣಿಗಳು ಈ ಕಾಗದಪತ್ರದ ಕೆಲಸವನ್ನೇ ರುಚಿಯಾಗಿ ಮಾಡಬಲ್ಲವು. ಗಡಿಯಾಚೆಯ ಮಲಯಾಳಂ ಇದರಲ್ಲಿ ಮುಂದಿದೆ, ಮಾಕುಟ್ಟ ದಾಟಿದರೆ ಅವರದೇ ಊರು, ನಮ್ಮ ಕಿವಿಗೂ ಆ ಭಾಷೆ ಹೊಸತಲ್ಲ. 2023ರ ‘ಕೇರಳ ಕ್ರೈಂ ಫೈಲ್ಸ್’ ಮೊದಲ ಭಾಗ ನಿಂತಿದ್ದು ಲಾಡ್ಜ್ ರಿಜಿಸ್ಟರಿನ ಒಂದು ಸುಳ್ಳು ವಿಳಾಸದ ಮೇಲೆ. ಆರು ಕಂತು, ಪೊಲೀಸರು ತಿರುಗಿದಷ್ಟೂ ನಾವೂ ತಿರುಗುತ್ತೇವೆ, ಅವರಿಗೆ ತಿಳಿದದ್ದು ನಮಗೂ ತಿಳಿದಿರುತ್ತದೆ. ಎರಡನೇ ಭಾಗ 2025ರ ಜೂನ್‌ನಲ್ಲಿ ಬಂತು. ಕನ್ನಡದ್ದೇ ಸರಣಿಗಳು 2025ರಲ್ಲಿ ಸಾಲಾಗಿ ಬಂದವು: ಏಪ್ರಿಲ್‌ನಲ್ಲಿ ‘ಅಯ್ಯನ ಮನೆ’, ಆಗಸ್ಟ್‌ನಲ್ಲಿ ಪವನ್ ಕುಮಾರ್ ನಟಿಸಿದ ‘ಶೋಧ’. ಸಂತೋಷದ ವಿಷಯ. ಆದರೆ ಸರಣಿ ಎಂಬ ರೂಪದ ರೋಗ ಮೂರು-ನಾಲ್ಕನೇ ಕಂತಿನಲ್ಲಿದೆ. ಎರಡು ಗಂಟೆಯ ಸರಕನ್ನು ಮೂರು ಗಂಟೆಗೆ ಎಳೆಯಲು ಒಬ್ಬ ಸುಳ್ಳು ಶಂಕಿತನನ್ನು ತಂದು, ಬೆನ್ನಟ್ಟಿ, ಬಿಟ್ಟುಬಿಡುತ್ತಾರೆ. ಅವನನ್ನು ಪೂರ್ತಿ ತೆಗೆದರೂ ಕಥೆ ಅಲುಗದಿದ್ದರೆ ಅದು ತುಂಬಿಸಿದ ಹೊಟ್ಟು.

ಇನ್ನು ಡೇಟಾ. ಸಾಧಾರಣ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 1 ಜಿಬಿ, ಎಚ್‌ಡಿಗೆ 3 ಜಿಬಿ ತನಕ. ಮೂರು ಗಂಟೆಯ ಸರಣಿಯನ್ನು ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ನೋಡಲು ಎರಡು ದಿನ ಬೇಕು, ಎಚ್‌ಡಿ ಆದರೆ ವಾರ. ಬೆಳಗಿನ ಜಾವ ನೆಟ್‌ವರ್ಕ್ ಹಗುರ ಇರುವಾಗ ಡೌನ್‌ಲೋಡ್ ಮಾಡಿಡುವುದು ಜಾಣತನ. ಆದರೆ ಹಲವು ಆ್ಯಪ್‌ಗಳಲ್ಲಿ ಒಮ್ಮೆ ಪ್ಲೇ ಒತ್ತಿದರೆ 48 ಗಂಟೆಯ ಗಡುವು ಶುರು, ಆಮೇಲೆ ಮತ್ತೆ ನೆಟ್ ಬೇಕು. ಆರೂ ಕಂತು ಸರಿ ಇಳಿದಿವೆಯೇ ಎಂದು ಒಂದೊಂದನ್ನೇ ತೆರೆದು ನೋಡುವ ಚಪಲ ಬೇಡ. 150 ಎಎಚ್ ಬ್ಯಾಟರಿಯ ಯುಪಿಎಸ್ ಒಂದು 32 ಇಂಚಿನ ಟಿವಿ, ರೌಟರ್, ಎರಡು ಬಲ್ಬನ್ನು ಎಂಟು-ಹತ್ತು ಗಂಟೆ ಎಳೆಯುತ್ತದೆ. ಅದರಿಂದ ಪ್ರಯೋಜನ ಕೇಬಲ್ ಮೇಲೆ ಮರ ಬೀಳದಿದ್ದರೆ ಮಾತ್ರ. ಅರ್ಧಕ್ಕೆ ನಿಂತ ಸಿನಿಮಾವನ್ನು ಮೂರು ದಿನ ಬಿಟ್ಟು ಮುಂದುವರಿಸಿದರೆ ಬಿಗಿ ಹೋಗಿರುತ್ತದೆ, ಸುಳಿವೂ ಮರೆತಿರುತ್ತದೆ. ಸರಣಿಗೆ ಕಂತಿನ ಗಡಿಯಾದರೂ ಇದೆ. ದೊಡ್ಡ ಪರದೆಯೇ ಬೇಕೆನ್ನುವವರು ಮಡಿಕೇರಿಯಿಂದ ಮೈಸೂರಿಗೆ 120 ಕಿ.ಮೀ. ಲೆಕ್ಕ ಹಾಕಿಕೊಳ್ಳಿ.

ಪುಸ್ತಕಕ್ಕೆ ಕರೆಂಟ್ ಹೋದರೆ ಮೇಣದಬತ್ತಿ ಸಾಕು. ಅದಕ್ಕಿಂತ ಮುಖ್ಯವಾಗಿ, 40ನೇ ಪುಟಕ್ಕೆ ಹಿಂದಿರುಗಿ ‘ಅವತ್ತು ಬಾಗಿಲು ಒಳಗಿಂದ ಹಾಕಿತ್ತಾ?’ ಎಂದು ನೋಡಬಹುದು. ಹೀಗೆ ಹಿಂದಿರುಗಿ ನೋಡುವ ಓದುಗನಿದ್ದಾನೆ ಎಂಬ ಹೆದರಿಕೆಯಿಂದಲೇ ಕಾದಂಬರಿಕಾರ ಸುಳಿವನ್ನು ಪ್ರಾಮಾಣಿಕವಾಗಿ ಇಡುತ್ತಾನೆ. ಚೀಟಿಯ ಮೂರನೇ ಸಾಲು ಹೆಚ್ಚು ಸಲ ತುಂಬಿದ್ದು ಪುಸ್ತಕದಲ್ಲೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಕನ್ನಡಕ್ಕೆ ಹಳದಿ-ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರ ಕಾದಂಬರಿಗಳು, ಟಿ.ಕೆ. ರಾಮರಾವ್ ಕಟ್ಟುತ್ತಿದ್ದ ಬಿಗಿ, ಇವೆಲ್ಲ ಬಾಡಿಗೆ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಹೋದವು. ಹಳೇ ಪ್ರತಿ ಕೊಳ್ಳುವಾಗ ಮೊದಲು ನೋಡಬೇಕಾದ್ದು ಕೊನೆಯ ಎಂಟು ಪುಟ ಇದೆಯೇ ಎಂದು. ಎರಡನೆಯದು, ಪುಣ್ಯಾತ್ಮರು ಯಾರಾದರೂ ಹತ್ತನೇ ಪುಟದ ಅಂಚಿನಲ್ಲಿ ಕೊಲೆಗಾರನ ಹೆಸರು ಬರೆದಿದ್ದಾರೆಯೇ ಎಂದು. ಈಚಿನವರಲ್ಲಿ ಕೆ.ಎನ್. ಗಣೇಶಯ್ಯ ಇತಿಹಾಸದ ಗುಟ್ಟುಗಳನ್ನು ಹಿಡಿದು ರೋಚಕ ಕಥೆ ಹೆಣೆಯುತ್ತಾರೆ. ಅನುಷ್ ಶೆಟ್ಟಿಯವರದು ಚಿಕ್ಕ, ವೇಗದ ಪುಸ್ತಕಗಳು, ಒಂದು ಮಳೆಯ ಸಂಜೆಗೆ ಸರಿಯಾದ ಅಳತೆ.

ಕೊಡಗಿನಲ್ಲಿ ಪುಸ್ತಕದ ಶತ್ರು ತೇವ. ಗಾಳಿಯ ತೇವಾಂಶ ಶೇ. 70 ದಾಟಿ ನಿಂತರೆ ಬೂಷ್ಟು ಖಚಿತ. ಕಪಾಟನ್ನು ಹೊರಗೋಡೆಗೆ ತಾಗಿಸದೆ ಎರಡು ಇಂಚು ಬಿಡಿ. ಓದುತ್ತಿರುವ ಪುಸ್ತಕವನ್ನು ಸಿಲಿಕಾ ಜೆಲ್ ಪೊಟ್ಟಣದ ಜತೆ ಜಿಪ್ ಕವರಿನಲ್ಲಿಡಿ, ಪೊಟ್ಟಣವನ್ನು ಆಗಾಗ ಬಿಸಿ ಮಾಡಿ ಒಣಗಿಸಿ. ಒದ್ದೆಯಾದರೆ ಇಪ್ಪತ್ತು ಪುಟಕ್ಕೊಂದರಂತೆ ಪತ್ರಿಕೆ ಹಾಳೆ ಇಟ್ಟು, ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸಿ, ಫ್ಯಾನ್ ಗಾಳಿಗೆ ನಿಲ್ಲಿಸಿ. ಒಲೆ ಪಕ್ಕ ಇಡಬೇಡಿ. ಈಗಿನ ಪುಸ್ತಕಗಳ ಬೆನ್ನಿಗಿರುವುದು ಹೊಲಿಗೆಯಲ್ಲ, ಬಿಸಿ ಅಂಟು. ಶಾಖಕ್ಕೆ ಅದು ಬಿಟ್ಟು ಹಾಳೆಗಳು ಸಡಿಲಾಗುತ್ತವೆ, ಅದರಲ್ಲೂ ಕೊನೆಯ ಹಾಳೆಗಳು ಮೊದಲು. ಪತ್ತೇದಾರಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಆಡಿಯೋ ಬಗ್ಗೆ ಹೇಳುವುದು ಕಡಿಮೆ. ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕನ್ನಡ ಪುಸ್ತಕ ಕೇಳಲು ಸಿಗುತ್ತವೆ. ಗಂಟೆಗೆ ಮೂವತ್ತು ಎಂಬಿ ಸುತ್ತಮುತ್ತ, ಅಂದರೆ ಒಂದು ಬಾರ್ ಸಿಗ್ನಲ್ ಇದ್ದರೂ ನಡೆದೀತು. ಕಾಳುಮೆಣಸು ಬಿಡಿಸುವಾಗ, ಕಾಫಿ ಹರಡುವಾಗ ಕೈ ಖಾಲಿ ಇರುವುದಿಲ್ಲ, ಕಿವಿ ಖಾಲಿ ಇರುತ್ತದೆ. ತೊಂದರೆ ಹಿಂದಿರುಗಿ ಹುಡುಕುವುದರಲ್ಲಿ: ಹದಿನೈದು ಸೆಕೆಂಡಿನ ಬಟನ್ ಒತ್ತಿ ಒತ್ತಿ 40ನೇ ಪುಟ ತಲುಪಲಾಗದು. ಆದ್ದರಿಂದ ಶಂಕಿತರು ನಾಲ್ಕಕ್ಕಿಂತ ಹೆಚ್ಚಿರುವ ಕಥೆಯನ್ನು ಕೇಳಲು ಆರಿಸಬೇಡಿ, ವೇಗ 1.25 ದಾಟಿಸಬೇಡಿ, ತಗಡಿನ ಮಾಡಿನ ಕೆಳಗೆ ಕೂತಿದ್ದರೆ ಕೊನೆಯ ಅಧ್ಯಾಯವನ್ನು ಮಳೆ ಬಿಟ್ಟ ಹೊತ್ತಿಗೆ ಇಟ್ಟುಕೊಳ್ಳಿ.