ಮುಂಗಾರು ಮೋಡದ ಐಸ್ ಲೆಕ್ಕಕ್ಕೆ 2ಸಿ-ಐಸ್: ಒಳ್ಳೆಯ ದತ್ತಾಂಶ, ಎಚ್ಚರದಿಂದ ಬಳಸಿ

ಬಂಗಾಳ ಕೊಲ್ಲಿಯ ಮುಂಗಾರು ಮೋಡಗಳಲ್ಲಿ ಹವಾಮಾನ ಮಾಡೆಲ್ ಎಷ್ಟು ಐಸ್ ಕಟ್ಟುತ್ತಿದೆ ಎಂದು ಪರೀಕ್ಷಿಸಲು ಉಚಿತವಾಗಿ ಸಿಗುವವುಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು 2ಸಿ-ಐಸ್ ಎಂಬ ಉಪಗ್ರಹ ದತ್ತಾಂಶ. ಕ್ಲೌಡ್‌ಸ್ಯಾಟ್ ಉಪಗ್ರಹದ 94 ಗಿಗಾಹರ್ಟ್ಸ್ ರೇಡಾರನ್ನೂ ಕ್ಯಾಲಿಪ್ಸೊ ಉಪಗ್ರಹದ ಲೈಡಾರನ್ನೂ (ಲೇಸರ್ ಬೆಳಕಿನಿಂದ ಅಳೆಯುವ ಉಪಕರಣ) ಇದು ಬೆಸೆಯುತ್ತದೆ. ರೇಡಾರ್ ಕಣ್ಣಿಗೆ ಬೀಳದ ತೆಳು ಸಿರಸ್ (ಎತ್ತರದ ಐಸ್ ಮೋಡ) ಲೈಡಾರ್‌ಗೆ ಸಿಗುತ್ತದೆ. ಲೈಡಾರ್ ನಂದಿಹೋಗುವ ದಪ್ಪ ಮೋಡದೊಳಕ್ಕೆ ರೇಡಾರ್ ಇಳಿಯುತ್ತದೆ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ದತ್ತಾಂಶ ಕೇಂದ್ರದಲ್ಲಿ ನೋಂದಾಯಿಸಿಕೊಂಡರೆ ಎಚ್‌ಡಿಎಫ್-4 ಫೈಲುಗಳು ಸಿಗುತ್ತವೆ. ಒಂದು ಫೈಲಿಗೆ ಒಂದು ಸುತ್ತು, ಸುಮಾರು 37,000 ಪ್ರೊಫೈಲು (ಒಂದೊಂದು ಜಾಗದ ಮೇಲಿನ ಲಂಬ ಸಾಲು), ಪ್ರತಿಯೊಂದರಲ್ಲೂ 240 ಮೀಟರಿಗೊಂದರಂತೆ 125 ಹಂತ.

ಹೆಚ್ಚಿನವರು ಎಡವುವುದು ಹೋಲಿಕೆಯ ಮೊದಲ ಹೆಜ್ಜೆಯಲ್ಲೇ. ಉಪಗ್ರಹಕ್ಕೆ ಕ್ಲೌಡ್ ಐಸ್ (ಮೋಡದ ಸಣ್ಣ ಐಸ್ ಕಣ), ಸ್ನೋ (ಹಿಮ), ಗ್ರಾಪೆಲ್ (ಮೆದು ಆಲಿಕಲ್ಲಿನಂಥ ಕಣ) ಎಂಬ ಭೇದವಿಲ್ಲ. ಅದು ಕೊಡುವುದು ಒಟ್ಟು ಐಸ್. ಮಾಡೆಲ್‌ನಲ್ಲಿ ಮೂರೂ ಬೇರೆ ಬೇರೆ. 10 ಕಿ.ಮೀ. ಎತ್ತರದಲ್ಲಿ ಮಾಡೆಲ್ ಕಿಲೋ ಗಾಳಿಗೆ 0.05 ಗ್ರಾಂ ಕ್ಲೌಡ್ ಐಸ್, 0.4 ಸ್ನೋ, 0.2 ಗ್ರಾಪೆಲ್ ಕೊಟ್ಟಿದೆ ಎನ್ನೋಣ. ಅಲ್ಲಿನ ಗಾಳಿಯ ಸಾಂದ್ರತೆ ಘನಮೀಟರಿಗೆ 0.42 ಕಿಲೋ. ಮೂರನ್ನೂ ಕೂಡಿ ಗುಣಿಸಿದರೆ ಘನಮೀಟರಿಗೆ 0.27 ಗ್ರಾಂ, ಕ್ಲೌಡ್ ಐಸ್ ಒಂದನ್ನೇ ಹಿಡಿದರೆ ಬರೀ 0.02. ಮಾಡೆಲ್‌ಗೆ ಐಸ್ ಕಟ್ಟಲು ಬರುವುದಿಲ್ಲ ಎಂಬ ತೀರ್ಪು ಹುಟ್ಟುವುದು ಹೀಗೆ. ಸರಾಸರಿ ತೆಗೆಯುವಾಗಲೂ ಎಚ್ಚರ ಬೇಕು. 3 ಕಿ.ಮೀ. ಗ್ರಿಡ್ ಆದರೆ ಸಾಲಾಗಿ ಮೂರು ಪ್ರೊಫೈಲು ಸೇರಿಸಿ, ಮೋಡವಿಲ್ಲದ ಸೊನ್ನೆಗಳನ್ನು ಬಿಡಬೇಡಿ.

ಬಿರುಸಾಗಿ ಮೇಲೇರುವ ಗುಡುಗು ಮೋಡದ ನಡುವೆ ಮಾತ್ರ ಈ ಸಂಖ್ಯೆಗಳನ್ನು ನಾವು ನೆಚ್ಚುವುದಿಲ್ಲ. ದೊಡ್ಡ ಗ್ರಾಪೆಲ್ ಕಣಗಳಲ್ಲಿ 94 ಗಿಗಾಹರ್ಟ್ಸ್ ಅಲೆ ಕ್ಷೀಣಿಸುತ್ತದೆ, ಮತ್ತೆ ಮತ್ತೆ ಚದುರುತ್ತದೆ. ಅಲ್ಲಿ ಐಸ್ ಪ್ರಮಾಣ ಬಿಟ್ಟು ನೇರವಾಗಿ ರೇಡಾರ್ ಪ್ರತಿಫಲನವನ್ನೇ ಹೋಲಿಸುವುದು ಸರಿ: ಮಾಡೆಲ್‌ನ ಮೇಲೆ ಕಾಸ್ಪ್ ಸಿಮ್ಯುಲೇಟರ್ (ಮಾಡೆಲ್‌ನ ಮೋಡವನ್ನು ಉಪಗ್ರಹ ಹೇಗೆ ಕಾಣುತ್ತಿತ್ತು ಎಂದು ಲೆಕ್ಕಹಾಕುವ ತಂತ್ರಾಂಶ) ಓಡಿಸಿ, ಮೈನಸ್ 30 ಡಿಬಿಜೆಡ್‌ (ರೇಡಾರ್ ಪ್ರತಿಫಲನದ ಮಾನ)ಗಿಂತ ಕೆಳಗಿನದ್ದನ್ನು ಎರಡೂ ಕಡೆ ತೆಗೆದುಹಾಕಿ. ಕಾಸ್ಪ್‌ನ ಕಣಗಾತ್ರದ ಹಂಚಿಕೆ ನಿಮ್ಮ ಮಾಡೆಲ್‌ನ ಮೈಕ್ರೋಫಿಸಿಕ್ಸ್ ಸ್ಕೀಮಿನದ್ದೇ (ಮೋಡದ ಕಣಗಳ ಲೆಕ್ಕ ಹಾಕುವ ಭಾಗ) ಆಗಿರಬೇಕು. ಡಿಫಾಲ್ಟ್ ಬಿಟ್ಟರೆ ಪರೀಕ್ಷೆಯಾಗುವುದು ಮಾಡೆಲ್ ಅಲ್ಲ, ಸಿಮ್ಯುಲೇಟರ್.

ಸಮಯದ ಕೊರತೆಯೂ ಇದೆ. ಉಪಗ್ರಹಗಳು ಹಾದುಹೋಗುತ್ತಿದ್ದದ್ದು ಸ್ಥಳೀಯ ವೇಳೆ ಹಗಲು ಮತ್ತು ರಾತ್ರಿ 1:30ರ ಆಸುಪಾಸು, ನೆಲದ ಮೇಲಿನ ಮೋಡ ಉಕ್ಕುವುದು ಸಂಜೆ. ಮಾಡೆಲ್‌ನಿಂದಲೂ ಅದೇ ಗಂಟೆಯನ್ನೇ ಆರಿಸಿ. ಕ್ಲೌಡ್‌ಸ್ಯಾಟ್‌ಗೆ ಬಂದ 2011ರ ಬ್ಯಾಟರಿ ತೊಂದರೆಯ ಬಳಿಕ ರೇಡಾರ್ ಹಗಲಿನಲ್ಲಷ್ಟೇ ನಡೆಯಿತು. ರಾತ್ರಿಯೂ ಬೇಕಿದ್ದರೆ 2007ರಿಂದ 2010ರ ಮುಂಗಾರುಗಳೇ ಗತಿ.

ಆಗುಂಬೆಯ ಮಳೆಗೆ ಇದನ್ನು ಹಚ್ಚಬೇಡಿ. ಪಶ್ಚಿಮ ಘಟ್ಟದ ಮುಂಗಾರು ಮಳೆ ಬಹುಪಾಲು ಗಿಡ್ಡ ಮೋಡಗಳದ್ದು, ಅವುಗಳ ತುದಿಯಲ್ಲಿ ಐಸ್ ತೀರಾ ಕಡಿಮೆ. ಲಂಬವಾಗಿ ಇನ್ನೂ ಸೂಕ್ಷ್ಮ ವಿವರ ಬೇಕೆಂದರೆ ಅದೇ ಎರಡು ಉಪಗ್ರಹಗಳಿಂದ ತಯಾರಾದ, 60 ಮೀಟರ್ ಹಂತದ ಡಾರ್ಡಾರ್ ದತ್ತಾಂಶ ಜೊತೆಗಿಟ್ಟುಕೊಳ್ಳಿ. 2ಸಿ-ಐಸ್ ಮತ್ತು ಡಾರ್ಡಾರ್ ನಡುವಿನ ಅಂತರವನ್ನೇ ಅನಿಶ್ಚಿತತೆಯ ಕನಿಷ್ಠ ಅಳತೆ ಎಂದು ಹಿಡಿಯಬಹುದು. ಎರಡೂ ಉಪಗ್ರಹಗಳು 2023ರಲ್ಲಿ ಕೆಲಸ ನಿಲ್ಲಿಸಿವೆ. ಈಚಿನ ಮುಂಗಾರಿಗೆ 2024ರ ಮೇನಲ್ಲಿ ಹಾರಿದ ಅರ್ತ್‌ಕೇರ್ ಉಪಗ್ರಹ ನೋಡಿ: ಅದರ ಡಾಪ್ಲರ್ ರೇಡಾರ್ ಕಣಗಳ ಏರಿಳಿತದ ವೇಗವನ್ನೂ ಕೊಡುತ್ತದೆ.