ಮನೆಯಲ್ಲೇ ನೈಟಿ ಹೊಲಿಯುವ ಕೆಲಸ ಅಂತ ಡೆಪಾಸಿಟ್ ಕೇಳಿದರೆ ದಯವಿಟ್ಟು ಕೊಡಬೇಡಿ

ಹೊಲಿಗೆ ಬರುವ ಎಲ್ಲ ಹೆಣ್ಣುಮಕ್ಕಳಿಗೂ ಹೇಳುತ್ತಿದ್ದೇನೆ. ‘ಕಟಿಂಗ್ ಪೀಸ್ ನಾವೇ ಕೊಡ್ತೀವಿ, ಮನೆಯಲ್ಲೇ ಹೊಲಿದುಕೊಡಿ, ಎಲ್ಲ ನಾವೇ ವಾಪಸ್ ತಗೋತೀವಿ’ ಅಂತ ಹೇಳಿ ಮೊದಲು ಡೆಪಾಸಿಟ್ ಕೇಳುವವರಿಗೆ ಒಂದು ರೂಪಾಯಿನೂ ಕೊಡಬೇಡಿ. ನಾನು 25,000 ಕೊಟ್ಟೆ. ಒಂದು ಪೈಸೆ ವಾಪಸ್ ಬಂದಿಲ್ಲ. ಹೊಲಿದ ಕೂಲಿನೂ ಬಂದಿಲ್ಲ.

ನಮ್ಮದು ತುಮಕೂರು. ಮದುವೆಗೆ ಮುಂಚಿನಿಂದಲೂ ನನಗೆ ಹೊಲಿಗೆ ಅಂದರೆ ಪ್ರಾಣ. ಅಕ್ಕಪಕ್ಕದವರ ಬ್ಲೌಸ್, ಮಕ್ಕಳ ಲಂಗ, ಸೀರೆಗೆ ಫಾಲ್, ಜಿಗ್‌ಜಾಗ್ ಎಲ್ಲ ಮಾಡಿಕೊಡುತ್ತಿದ್ದೆ. ಇದನ್ನೇ ಸ್ವಲ್ಪ ದೊಡ್ಡದು ಮಾಡೋಣ, ಒಂದಿಬ್ಬರನ್ನು ಜೊತೆಗೆ ಸೇರಿಸಿಕೊಂಡು ಅಂಗಡಿಗಳಿಗೆ ನೈಟಿ ಹಾಕೋಣ ಅಂತ ಆಸೆ ಇತ್ತು. ಆದರೆ ಥಾನುಗಟ್ಟಲೆ ಬಟ್ಟೆ ತರಲು ಬಂಡವಾಳ ಇರಲಿಲ್ಲ. ಆಗ ಕಣ್ಣಿಗೆ ಬಿದ್ದಿದ್ದೇ ಇವರ ಜಾಹೀರಾತು.

ಆಫೀಸು ಬೆಂಗಳೂರಿನ ಪೀಣ್ಯ ಕಡೆ. ಗಾಜಿನ ಬಾಗಿಲು, ಒಳಗೆ ನೈಟಿ ರಾಶಿ, ಕುಡಿಯಲು ಕಾಫಿ. ‘ನಿಮ್ಮಂಥ ಕೈ ಬೇಕು ಮೇಡಂ. ಪೀಸಿಗೆ 40 ರೂಪಾಯಿ. ಕೆಲವರು ಬಟ್ಟೆ ತಗೊಂಡು ನಾಪತ್ತೆ ಆಗ್ತಾರೆ, ಅದಕ್ಕೇ ಡೆಪಾಸಿಟ್. ಬೇಡ ಅಂದ ದಿನ ವಾಪಸ್ ಕೊಡ್ತೀವಿ’ ಅಂದರು. ಮಾತು ನ್ಯಾಯವಾಗೇ ಇತ್ತು ಅಲ್ವಾ? ಉದ್ಯಮ್ ರಿಜಿಸ್ಟ್ರೇಷನ್, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಮಾಡಿಸಿಕೊಡ್ತೀವಿ ಅಂತ ಬೇರೆ 2,500 ತಗೊಂಡರು. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ವೆಬ್‌ಸೈಟಿನಲ್ಲಿ ನಾವೇ ಮಾಡಿಕೊಳ್ಳಬಹುದು. ಪಕ್ಕದಲ್ಲಿ ಕೂತಿದ್ದ ಹಾಸನದ ಅಕ್ಕ ಒಬ್ಬರು ಮಷಿನನ್ನೂ ಇವರ ಹತ್ತಿರವೇ ತಗೊಂಡರು. ಪಾಪ, ಅವರಿಗೆ ಎಷ್ಟು ಹೋಯಿತೋ.

ಹೊಲಿದು ತಗೊಂಡು ಹೋದರೆ ಚೆಕಿಂಗ್‌ನಲ್ಲಿ ಎಲ್ಲ ರಿಜೆಕ್ಟ್. ಯೋಕ್ ಸರಿದಿದೆ, ಓವರ್‌ಲಾಕ್ ಲೂಸ್ ಇದೆ, ದಾರ ಟ್ರಿಮ್ ಆಗಿಲ್ಲ. ಟೇಪ್ ಹಿಡಿದು ತೋರಿಸಿ ಅಂದರೆ ತೋರಿಸಲಿಲ್ಲ. ಇರಲಿ, ಇನ್ನೂ ಹುಷಾರಾಗಿ ಹೊಲಿಯೋಣ ಅಂತ ಹೊಸ ಬಂಡಲ್ ತಂದೆ.

ಆ ಬಂಡಲ್ ಬಿಚ್ಚಿದಾಗಲೇ ಗೊತ್ತಾಗಿದ್ದು. ಭುಜದ ಪೀಸ್ ಜೋಡಿಸಲು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಅಂಚಿನಿಂದ ಅರ್ಧ ಇಂಚು ಒಳಗೆ ಸಾಲಾಗಿ ಸೂಜಿ ತೂತು. ಇನ್ನೊಂದು ಪೀಸ್ ಹಿಡಿದೆ, ಅದರಲ್ಲೂ ತೂತು. ಕಂಕುಳ ಹತ್ತಿರ ಬಿಚ್ಚಿದ ಕೆಂಪು ದಾರದ ತುಂಡು ಇನ್ನೂ ಸಿಕ್ಕಿಕೊಂಡಿತ್ತು. ಅಂದರೆ ಹೊಸ ಕಟಿಂಗ್ ಅಂತ ಕೊಟ್ಟಿದ್ದು ಬೇರೆ ಯಾರೋ ಹೊಲಿದ ನೈಟಿ! ಅವರದನ್ನು ರಿಜೆಕ್ಟ್ ಮಾಡಿ, ಹೊಲಿಗೆ ಬಿಚ್ಚಿ, ನನಗೆ ಕೊಟ್ಟಿದ್ದಾರೆ. ನಾನು ಹೊಲಿದಿದ್ದನ್ನು ಬಿಚ್ಚಿ ಇನ್ನೊಬ್ಬರಿಗೆ ಕೊಟ್ಟಿರುತ್ತಾರೆ. ಅವರಿಗೆ ನೈಟಿ ಬೇಕೇ ಇರಲಿಲ್ಲ. ಕೊಳ್ಳುವ ಗಿರಾಕಿಯೂ ಇರಲಿಲ್ಲ. ಬೇಕಾಗಿದ್ದು ಡೆಪಾಸಿಟ್ ಮಾತ್ರ. ರಾತ್ರಿ ಸೊಂಟ ನೋವಾದರೂ ಎದ್ದು ಕೂತು ಹೊಲಿದಿದ್ದೆ ನಾನು. ಸುಮ್ನೆ ಬಿಚ್ಚಿ ಎಸೆಯಲು!

ಫೋನ್ ಮಾಡಿ ಕೇಳಿದೆ. ‘ಅದು ಫ್ಯಾಕ್ಟರಿ ಮಾರ್ಕಿಂಗ್ ಮೇಡಂ’ ಅಂದರು. ಹೊಲಿಯುವವಳಿಗೆ ಮಾರ್ಕಿಂಗ್ ಯಾವುದು, ಬಿಚ್ಚಿದ ಹೊಲಿಗೆ ಯಾವುದು ಗೊತ್ತಾಗುವುದಿಲ್ಲವೇ? ಡೆಪಾಸಿಟ್ ವಾಪಸ್ ಕೊಡಿ ಅಂದೆ. ‘ಸರ್ ಮೀಟಿಂಗ್‌ನಲ್ಲಿದ್ದಾರೆ.’ ‘ಅಕೌಂಟ್ಸ್‌ಗೆ ಹೇಳಿದ್ದೀವಿ.’ ‘ಸೋಮವಾರ ಹಾಕ್ತೀವಿ.’ ಯಾವ ಸೋಮವಾರವೂ ಹಾಕಲಿಲ್ಲ. ಕೊನೆಗೆ ಆ ಸರ್ ಅನ್ನಿಸಿಕೊಂಡವನೇ ಮಾತಾಡಿದ. ‘ನೋಡಮ್ಮ, ನಿನಗೆ ಹೊಲಿಯೋಕೇ ಬರಲ್ಲ. ನಮ್ಮ ಬಟ್ಟೆ ಹಾಳು ಮಾಡಿದೀಯ, ನಾವೇ ನಿನ್ನ ಮೇಲೆ ಕೇಸ್ ಹಾಕಬೇಕು.’

ನನಗೆ ಹೊಲಿಯಲು ಬರುವುದಿಲ್ಲವಂತೆ. ದುಡ್ಡು ಹೋಗಿದ್ದಕ್ಕಿಂತ ಆ ಮಾತು ಜಾಸ್ತಿ ಉರಿಯಿತು. ಆ 25,000 ನಮ್ಮತ್ತೆ ಚೀಟಿ ಎತ್ತಿ ಕೊಟ್ಟಿದ್ದು. ಅವರು ಏನೂ ಅನ್ನಲಿಲ್ಲ, ಆದರೂ ಅವರ ಮುಖ ನೋಡಲು ನಾಚಿಕೆ. ಪಕ್ಕದ ಮನೆಯವರು ‘ನಿಮ್ಮ ನೈಟಿ ಬಿಸಿನೆಸ್ ಎಲ್ಲಿಗೆ ಬಂತು?’ ಅಂತ ಕೇಳಿದರೆ ಒಳಗೆ ಬಂದುಬಿಡುತ್ತೇನೆ.

ರಸೀದಿ ತೆಗೆದು ನೋಡಿದರೆ ಅದರಲ್ಲಿ ಡೆಪಾಸಿಟ್ ಅನ್ನುವ ಮಾತೇ ಇಲ್ಲ. ‘ಟ್ರೈನಿಂಗ್ ಫೀಸ್, ನಾನ್ ರಿಫಂಡಬಲ್’ ಅಂತ ಇಂಗ್ಲಿಷಿನಲ್ಲಿ ಸಣ್ಣದಾಗಿ ಇದೆ. ಯಾವ ಟ್ರೈನಿಂಗ್? ಸೂಜಿಗೆ ದಾರ ಪೋಣಿಸುವುದನ್ನೂ ಅವರು ಹೇಳಿಕೊಟ್ಟಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ, ಕೈಕಸುಬಿನವರಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿ ಕೆಲಸವೂ ಸೇರಿದೆ. ಅಲ್ಲಿ ತರಬೇತಿಗೆ ನಾವು ದುಡ್ಡು ಕೊಡುವುದಲ್ಲ, ದಿನಕ್ಕೆ 500 ರೂಪಾಯಿ ನಮಗೇ ಕೊಡುತ್ತಾರೆ. ಸಲಕರಣೆಗೆ 15,000, ಮೊದಲ ಕಂತಿನಲ್ಲಿ 5% ಬಡ್ಡಿಗೆ 1 ಲಕ್ಷದವರೆಗೆ ಸಾಲ. ನಿಯಮಗಳು ಇವೆ, ಕೇಳಿ ತಿಳಿದುಕೊಳ್ಳಿ. ಇಂಥ ಕಳ್ಳರ ಹತ್ತಿರ ಮಾತ್ರ ಹೋಗಬೇಡಿ.

ಈಗಾಗಲೇ ಅವರಿಗೆ ಹೊಲಿದುಕೊಟ್ಟವರ ಮನೆಗೆ ಹೋಗಿ ಮಾತಾಡಿಸಿ, ಆಫೀಸಿನಲ್ಲಿ ಕೂರಿಸಿ ತೋರಿಸುವವರನ್ನಲ್ಲ. ರಸೀದಿಯಲ್ಲಿ ಬರೆದಿದ್ದನ್ನು ಅಲ್ಲೇ ಯಾರಿಂದಾದರೂ ಓದಿಸಿ. ಎಲ್ಲರಿಗಿಂತ ಜಾಸ್ತಿ ಪೀಸ್ ರೇಟ್ ಹೇಳಿದರೆ ಎದ್ದು ಬನ್ನಿ. ಫೋನಿನಲ್ಲಿ ದುಡ್ಡು ಹಾಕಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾನು ದೂರು ಕೊಟ್ಟಿದ್ದೇನೆ. ಅದೇ ನೈಟಿ ರಾಶಿಯ ಫೋಟೋ ಹಾಕಿ, ಬೇರೆ ಹೆಸರಿನಲ್ಲಿ ಈಗ ಮತ್ತೆ ಜಾಹೀರಾತು ಬರುತ್ತಿದೆ. ಪೀಣ್ಯದಲ್ಲಿ ಹೀಗೆ ಡೆಪಾಸಿಟ್ ಕಟ್ಟಿದವರು ಯಾರಾದರೂ ಇದ್ದರೆ ರಸೀದಿ, ಮೆಸೇಜು, ಆ ತೂತು ಬಿದ್ದ ಪೀಸುಗಳು ಯಾವುದನ್ನೂ ಎಸೆಯಬೇಡಿ. ನನಗೆ ತಿಳಿಸಿ, ಎಲ್ಲರೂ ಸೇರಿ ಠಾಣೆಗೆ ಹೋಗೋಣ.