ಕೊಚ್ಚಿ ವಾಟರ್ ಮೆಟ್ರೋ: ಟರ್ಮಿನಲ್‌ಗಳ ಕಡೆಯಿಂದ ಒಂದು ವಿಮರ್ಶೆ

ದಿನವೂ ಕೆಲಸಕ್ಕೋ ಕಾಲೇಜಿಗೋ ಹೋಗಿಬರುವವರ ಕಣ್ಣಿನಿಂದ ನೋಡಿದರೆ, ಇಂದು ನಮ್ಮ ದೇಶದಲ್ಲಿರುವ ಜಲಸಾರಿಗೆ ಸೇವೆಗಳಲ್ಲಿ ಕೊಚ್ಚಿ ವಾಟರ್ ಮೆಟ್ರೋ ಅತ್ಯುತ್ತಮವಾದದ್ದು ಎಂಬುದು ನನ್ನ ಅಭಿಪ್ರಾಯ. ಹೆಚ್ಚಿನವರು ಅದರ ಬೋಟನ್ನು ಮೆಚ್ಚಿಕೊಂಡು ಮರಳುತ್ತಾರೆ. ನನ್ನ ಮೆಚ್ಚುಗೆಯ ಬಹುಪಾಲು ಅದರ ಟರ್ಮಿನಲ್‌ಗಳಿಗೆ ಸಲ್ಲುತ್ತದೆ. ನನ್ನ ಆಕ್ಷೇಪಗಳು ಕೂಡ ಆ ಟರ್ಮಿನಲ್‌ಗಳನ್ನು ಎಲ್ಲಿ, ಯಾವ ಕ್ರಮದಲ್ಲಿ, ಯಾರ ಹಣದಿಂದ ಕಟ್ಟಲಾಯಿತು ಎಂಬುದಕ್ಕೆ ಸಂಬಂಧಿಸಿದವು. ಮಂಗಳೂರಿನಲ್ಲಿಯೂ ಇಂಥದೇ ಸೇವೆಯೊಂದರ ಪ್ರಸ್ತಾವ ಇರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುವುದು ಅಗತ್ಯವೆನಿಸಿತು.

ನಮ್ಮ ಕರಾವಳಿಯ ಕಡವುಗಳಲ್ಲಿ ಬೋಟು ಹತ್ತಿದವರಿಗೆಲ್ಲ ಒಂದು ಸಂಗತಿ ಗೊತ್ತು. ನೀರು ಏರಿದ್ದಾಗ ಬೋಟಿನ ಅಂಚು ದಕ್ಕೆಯ ಮಟ್ಟಕ್ಕೆ ಬರುತ್ತದೆ, ಇಳಿದಾಗ ಮೊಣಕಾಲುದ್ದ ಕೆಳಕ್ಕೆ ಹೋಗುತ್ತದೆ. ಪಾಚಿ ಹಿಡಿದ ಮೆಟ್ಟಿಲಿನ ಮೇಲೆ ನಿಂತು, ಯಾರದೋ ಕೈ ಹಿಡಿದು ಹಾರಬೇಕಾಗುತ್ತದೆ. ವಯಸ್ಸಾದವರು, ಗರ್ಭಿಣಿಯರು, ಮೀನಿನ ಬುಟ್ಟಿ ಹೊತ್ತ ಹೆಂಗಸರು ಇದಕ್ಕೆ ಒಗ್ಗಿಕೊಂಡಿದ್ದಾರೆ, ಬೇರೆ ದಾರಿ ಇರಲಿಲ್ಲ. ಗಾಲಿಕುರ್ಚಿಯಲ್ಲಿ ಇರುವವರಿಗಂತೂ ಕಡವು ಇದ್ದೂ ಇಲ್ಲದಂತೆ. ಕೊಚ್ಚಿಯಲ್ಲಿ ಉಬ್ಬರವಿಳಿತದ ಅಂತರ ಹೆಚ್ಚೆಂದರೆ ಒಂದು ಮೀಟರಿನ ಆಸುಪಾಸು. ಅಷ್ಟು ಅಂತರವೇ ಅಸಂಖ್ಯ ಜನರನ್ನು ನೀರಿನ ದಾರಿಯಿಂದ ದೂರ ಇಡಲು ಸಾಕಾಗುತ್ತದೆ. ವಾಟರ್ ಮೆಟ್ರೋ ಟರ್ಮಿನಲ್‌ಗಳು ಈ ತೊಂದರೆಯನ್ನು ಪಾಂಟೂನ್‌ಗಳಿಂದ, ಅಂದರೆ ನೀರಿನ ಮೇಲೆ ತೇಲುವ ಕಟ್ಟೆಗಳಿಂದ, ನಿವಾರಿಸಿವೆ. ದಡದಿಂದ ಇಳಿಜಾರಾದ ಸೇತುವೆಯೊಂದು ಪಾಂಟೂನಿನ ಮೇಲೆ ಬಂದು ಕೂರುತ್ತದೆ. ನೀರಿನ ಮಟ್ಟ ಏರಿದರೆ ಪಾಂಟೂನ್ ಏರುತ್ತದೆ, ಇಳಿದರೆ ಇಳಿಯುತ್ತದೆ, ಬೋಟಿನ ನೆಲವೂ ಪಾಂಟೂನಿನ ನೆಲವೂ ಯಾವ ಹೊತ್ತಿನಲ್ಲಿಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಗಾಲಿಕುರ್ಚಿ ಯಾರ ಸಹಾಯವೂ ಇಲ್ಲದೆ ಒಳಗೆ ಹೋಗುತ್ತದೆ. ಇಡೀ ಯೋಜನೆಯಲ್ಲಿ ಸಾರ್ವಜನಿಕ ಹಣ ಅತ್ಯಂತ ಸಾರ್ಥಕವಾಗಿ ವಿನಿಯೋಗವಾಗಿರುವುದು ಇಲ್ಲಿಯೇ ಎಂದು ನಾನು ಭಾವಿಸುತ್ತೇನೆ.

ಬೋಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ, ನೂರು ಜನರನ್ನು ಒಯ್ಯುವ, ಜೋಡಿ ಒಡಲಿನ ಅಲ್ಯೂಮಿನಿಯಂ ಬೋಟು (ಕ್ಯಾಟಮರಾನ್) ಅದು. ಬ್ಯಾಟರಿಯಿಂದ ಓಡುತ್ತದೆ, ಅಗತ್ಯ ಬಿದ್ದರೆ ಡೀಸೆಲ್ ಜನರೇಟರ್ ನೆರವಿಗೆ ಬರುತ್ತದೆ. ಹವಾನಿಯಂತ್ರಣವಿದೆ, ದೊಡ್ಡ ಗಾಜಿನ ಕಿಟಕಿಗಳಿವೆ, ಪಕ್ಕದಲ್ಲಿ ಕುಳಿತವರೊಡನೆ ಸ್ವರ ಏರಿಸದೆ ಮಾತನಾಡಬಹುದು. ಒಳಗೆ ಹೋಗುವವರನ್ನು ಗೇಟಿನಲ್ಲಿಯೇ ಎಣಿಸುವುದರಿಂದ ಮಿತಿಗಿಂತ ಹೆಚ್ಚು ಜನ ತುಂಬಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಕೇರಳದ ಜಲಾಶಯ, ಹಿನ್ನೀರುಗಳಲ್ಲಿ ನಡೆದಿರುವ ದುರಂತಗಳನ್ನು ನೆನೆದರೆ ಈ ಒಂದು ಶಿಸ್ತು ಉಳಿದೆಲ್ಲ ಸೌಕರ್ಯಗಳಿಗಿಂತ ಮಿಗಿಲಾದದ್ದು.

ಇನ್ನು ಕಟ್ಟಿದ ಕ್ರಮದ ವಿಚಾರ. ವೈಟ್ಟಿಲ ಮತ್ತು ಕಾಕ್ಕನಾಡ್ ಟರ್ಮಿನಲ್‌ಗಳ ಉದ್ಘಾಟನೆ ನಡೆದದ್ದು 2021ರ ಫೆಬ್ರವರಿಯಲ್ಲಿ. ಮೊದಲ ಬೋಟು ಹಸ್ತಾಂತರವಾದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಪ್ರಧಾನಿ ನರೇಂದ್ರ ಮೋದಿಯವರು ಸೇವೆಗೆ ಚಾಲನೆ ಕೊಟ್ಟದ್ದು 2023ರ ಏಪ್ರಿಲ್ 25ರಂದು. ಹೈಕೋರ್ಟ್–ವೈಪಿನ್ ನಡುವೆ ಮರುದಿನವೂ, ವೈಟ್ಟಿಲ–ಕಾಕ್ಕನಾಡ್ ನಡುವೆ ಅದರ ಮರುದಿನವೂ ಜನ ಓಡಾಡತೊಡಗಿದರು. ಅಂದರೆ ಕಟ್ಟಿ ಮುಗಿಸಿದ ಟರ್ಮಿನಲ್ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಯಾಣಿಕರಿಗಾಗಿ ಕಾದಿತ್ತು. ಬೋಟು ತಯಾರಿಕೆಯ ವೇಳಾಪಟ್ಟಿಗೂ ಜೆಟ್ಟಿ ಕಾಮಗಾರಿಯ ವೇಳಾಪಟ್ಟಿಗೂ ಹೊಂದಾಣಿಕೆ ಇಲ್ಲದಿದ್ದರೆ ಸಾಲದ ಹಣ ಸಿಮೆಂಟಾಗಿ ಸುಮ್ಮನೆ ಕೂರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ನಂತರದ ವರ್ಷಗಳಲ್ಲಿ ಕೆಲಸ ಸ್ವಲ್ಪ ವೇಗ ಪಡೆಯಿತು: 2024ರ ಮಾರ್ಚಿನಲ್ಲಿ ಮುಳವುಕಾಡ್ ನಾರ್ತ್, ಸೌತ್ ಚಿಟ್ಟೂರ್, ಏಲೂರ್, ಚೇರಾನಲ್ಲೂರ್, ಏಪ್ರಿಲಿನಲ್ಲಿ ಫೋರ್ಟ್ ಕೊಚ್ಚಿ, 2025ರ ಅಕ್ಟೋಬರಿನಲ್ಲಿ ಮಟ್ಟಾಂಚೇರಿ ಮತ್ತು ವಿಲ್ಲಿಂಗ್ಡನ್ ದ್ವೀಪ ಸೇರಿಕೊಂಡವು. ಮಟ್ಟಾಂಚೇರಿ, ವಿಲ್ಲಿಂಗ್ಡನ್ ಸೇರಿದಾಗ ಒಟ್ಟು ಟರ್ಮಿನಲ್‌ಗಳ ಸಂಖ್ಯೆ 12 ಆಯಿತು. ಮೂಲ ಯೋಜನೆಯಲ್ಲಿ ಇದ್ದದ್ದು 38 ಟರ್ಮಿನಲ್ ಮತ್ತು 78 ಬೋಟು.

ಹಣದ ಲೆಕ್ಕವನ್ನು ಇಲ್ಲಿಯೇ ನೋಡಬೇಕು. ಯೋಜನೆಯ ಒಟ್ಟು ವೆಚ್ಚ ಸುಮಾರು 1,137 ಕೋಟಿ ರೂಪಾಯಿ. ಅದರ ದೊಡ್ಡ ಪಾಲು ಜರ್ಮನಿಯ ಸರ್ಕಾರಿ ಅಭಿವೃದ್ಧಿ ಬ್ಯಾಂಕಾದ ಕೆಎಫ್‌ಡಬ್ಲ್ಯೂ ಕೊಟ್ಟಿರುವ 8.5 ಕೋಟಿ ಯೂರೋ ದೀರ್ಘಾವಧಿ ಸಾಲ. ಉಳಿದದ್ದರಲ್ಲಿ ಕೇರಳ ಸರ್ಕಾರದ ಪಾಲಿದೆ, ಭೂಮಿಯ ವೆಚ್ಚವೂ ಸೇರಿದೆ. ನೂರು ಜನರ ಬೋಟು ಒಂದಕ್ಕೆ ಸುಮಾರು 7.6 ಕೋಟಿ ರೂಪಾಯಿ ಬಿದ್ದಿದೆ. ಮಟ್ಟಾಂಚೇರಿ ಮತ್ತು ವಿಲ್ಲಿಂಗ್ಡನ್ ಟರ್ಮಿನಲ್‌ಗಳೆರಡಕ್ಕೆ ಸೇರಿ ಆದ ವೆಚ್ಚ 38 ಕೋಟಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಅಲ್ಲಿ ಒಂದು ಟರ್ಮಿನಲ್ಲಿಗೆ ತಗಲಿದ ಹಣದಲ್ಲಿ ಎರಡೂವರೆ ಬೋಟು ಬರುತ್ತಿತ್ತು. ಇದನ್ನು ದುಂದುವೆಚ್ಚ ಎಂದು ನಾನು ಹೇಳುತ್ತಿಲ್ಲ. ನೀರಿನೊಳಗೆ ಕಂಬ ಇಳಿಸುವುದು, ಹೂಳೆತ್ತುವುದು, ಪಾಂಟೂನ್, ಟಿಕೆಟ್ ಗೇಟು, ಆಯ್ದ ಟರ್ಮಿನಲ್‌ಗಳಲ್ಲಿ ಬ್ಯಾಟರಿ ಚಾರ್ಜಿಂಗ್ ವ್ಯವಸ್ಥೆ, ಇವೆಲ್ಲ ಅಗ್ಗವಲ್ಲ. ಆದರೆ ನಮ್ಮಲ್ಲಿ ಜಲಸಾರಿಗೆ ಎಂದೊಡನೆ ಬೋಟಿನ ಬೆಲೆಯನ್ನೇ ಮುಖ್ಯ ಖರ್ಚು ಎಂದು ಭಾವಿಸಿ ಅಂದಾಜುಪಟ್ಟಿ ಸಿದ್ಧಪಡಿಸುವ ಅಭ್ಯಾಸವಿದೆ. ಆಗ ಜೆಟ್ಟಿಗೆ ಉಳಿಯುವುದು ನಾಲ್ಕು ಮೆಟ್ಟಿಲು ಮತ್ತು ಒಂದು ತಗಡಿನ ಮಾಡು ಮಾತ್ರ. ಕೊಚ್ಚಿಯ ಯೋಜಕರು ದಡದ ಕಾಮಗಾರಿಯನ್ನು ರೈಲ್ವೆ ನಿಲ್ದಾಣದಷ್ಟೇ ಗಂಭೀರವಾಗಿ ಪರಿಗಣಿಸಿದ್ದರಿಂದಲೇ ಈ ಸೇವೆ ಜನರ ವಿಶ್ವಾಸ ಗಳಿಸಿದೆ. ಸೇವೆ ಆರಂಭವಾಗಿ ಮೂರು ವರ್ಷ ತುಂಬುವ ಮೊದಲೇ 50 ಲಕ್ಷಕ್ಕೂ ಹೆಚ್ಚು ಪ್ರಯಾಣಗಳಾಗಿವೆ.

ಸೇವೆಯನ್ನು ನಡೆಸುವ ಕಂಪನಿಯಲ್ಲಿ ಕೇರಳ ಸರ್ಕಾರ ಮತ್ತು ಕೊಚ್ಚಿ ಮೆಟ್ರೋ ರೈಲು ನಿಗಮ ಪಾಲುದಾರರು. ಹೀಗೆ ಪ್ರತ್ಯೇಕ ಕಂಪನಿ ಮಾಡುವುದರಿಂದ ಸಾಲ ಪಡೆಯುವುದು, ಟೆಂಡರ್ ಕರೆಯುವುದು, ಒಂದೇ ಕಾರ್ಡಿನಲ್ಲಿ ರೈಲು ಮತ್ತು ಬೋಟಿನ ಟಿಕೆಟ್ ಕೊಡುವುದು ಸುಲಭವಾಗುತ್ತದೆ. ಆದರೆ ಟರ್ಮಿನಲ್‌ನ ಗೇಟು ದಾಟಿದ ಮೇಲೆ ಪ್ರಯಾಣಿಕರು ಕಾಲಿಡುವುದು ಪಂಚಾಯಿತಿಯ ಅಥವಾ ನಗರಸಭೆಯ ರಸ್ತೆಗೆ. ಆ ರಸ್ತೆಯ ಅಗಲ, ಕಾಲುದಾರಿ, ಬೀದಿದೀಪ, ಆಟೋ ನಿಲ್ದಾಣ, ಬಸ್ ತಂಗುದಾಣ ಇವುಗಳ ಖರ್ಚು ಸಾಲದ ಪಟ್ಟಿಯಲ್ಲಿ ಸೇರದಿದ್ದರೆ, ಅದನ್ನು ಭರಿಸುವ ಹೊಣೆ ಬಡ ಸ್ಥಳೀಯ ಸಂಸ್ಥೆಯ ಮೇಲೆ ಬೀಳುತ್ತದೆ. ಕಾಕ್ಕನಾಡ್ ಟರ್ಮಿನಲ್ ಇದಕ್ಕೆ ಒಳ್ಳೆಯ ಪಾಠ. ಅದು ಇರುವುದು ಚಿಟ್ಟೇತ್ತುಕರದಲ್ಲಿ. ಜನ ಹೋಗಬೇಕಾಗಿರುವುದು ಅಲ್ಲಿಂದ ದೂರದ ಇನ್ಫೋಪಾರ್ಕ್ ಎಂಬ ಐಟಿ ಕೇಂದ್ರಕ್ಕೆ, ಕಲೆಕ್ಟರೇಟಿಗೆ. ವೈಟ್ಟಿಲದ ಕಡೆ ಬಸ್ ನಿಲ್ದಾಣ, ಮೆಟ್ರೋ ರೈಲು ನಿಲ್ದಾಣ, ಬೋಟು ಟರ್ಮಿನಲ್ ಮೂರೂ ಒಂದೇ ಆವರಣದ ಆಸುಪಾಸಿನಲ್ಲಿ ಇರುವುದರಿಂದ ಅಲ್ಲಿ ಯಾರೂ ದಾರಿ ಹುಡುಕಬೇಕಾಗಿಲ್ಲ. ಒಂದು ತುದಿ ಅಷ್ಟು ಅಚ್ಚುಕಟ್ಟಾಗಿದ್ದು ಇನ್ನೊಂದು ತುದಿಯಲ್ಲಿ ಕೊನೆಯ ಕೆಲವು ಕಿಲೋಮೀಟರ್‌ಗಳಿಗೆ ಆಟೋವನ್ನೇ ನಂಬಬೇಕಾದರೆ, ನೀರಿನ ಮೇಲೆ ಉಳಿಸಿದ ಸಮಯವೂ ಹಣವೂ ರಸ್ತೆಯಲ್ಲಿ ಕರಗುತ್ತವೆ. 2025ರ ಜನವರಿಯಲ್ಲಿ ಮೆಟ್ರೋ ಕನೆಕ್ಟ್ ಹೆಸರಿನ ವಿದ್ಯುತ್ ಬಸ್‌ಗಳು ಓಡತೊಡಗಿದ ಮೇಲೆ ಈ ಕೊರತೆ ಬಹಳಮಟ್ಟಿಗೆ ತುಂಬಿತು. ಬೋಟು ಹೊರಟ ಮೊದಲ ದಿನವೇ ಆ ಬಸ್ಸೂ ಇರಬೇಕಾಗಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದರದ ವಿಷಯದಲ್ಲಿ ಅವಸರದ ತೀರ್ಪು ಕೊಡಲು ಮನಸ್ಸು ಒಪ್ಪುವುದಿಲ್ಲ. ಕನಿಷ್ಠ ಟಿಕೆಟ್ 20 ರೂಪಾಯಿ, ಹೈಕೋರ್ಟಿನಿಂದ ಫೋರ್ಟ್ ಕೊಚ್ಚಿಗೆ 40 ರೂಪಾಯಿ. ಅದೇ ಫೋರ್ಟ್ ಕೊಚ್ಚಿಗೆ ಎರ್ನಾಕುಲಂ ಜೆಟ್ಟಿಯಿಂದ ರಾಜ್ಯ ಜಲಸಾರಿಗೆ ಇಲಾಖೆಯ ಹಳೆಯ ಬೋಟಿನಲ್ಲಿ ಆರು ರೂಪಾಯಿಗೆ ಹೋಗುತ್ತಿದ್ದ ಕೂಲಿಯವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮತ್ತೊಂದು ಕಡೆ, ದಿನವೂ ಓಡಾಡುವವರಿಗೆ 600 ರೂಪಾಯಿಯ ಮಾಸಿಕ ಪಾಸಿನಲ್ಲಿ 50 ಪ್ರಯಾಣಗಳು ದೊರೆಯುತ್ತವೆ; ಅಂದರೆ ಸಲಕ್ಕೆ 12 ರೂಪಾಯಿ. ಹವಾನಿಯಂತ್ರಿತ ಬೋಟಿಗೆ ಇದು ನ್ಯಾಯವಾದ ದರವೇ. ಒಟ್ಟಿಗೆ 600 ರೂಪಾಯಿ ತೆಗೆದಿಡಲಾಗದವರಿಗೆ 180 ರೂಪಾಯಿಯ ವಾರದ ಪಾಸೂ ಇದೆ. ಹೊಸ ಸೇವೆ ಬಂದಿತೆಂದು ಹಳೆಯ ಇಲಾಖೆಯ ಬೋಟುಗಳಿಗೆ ಅನುದಾನ ಕಡಿಮೆಯಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಅದೇ ಇಲಾಖೆಯೇ ಅಲ್ಲವೇ, 2017ರಲ್ಲಿ ವೈಕ್ಕಂ ಮತ್ತು ತವಣಕ್ಕಡವು ನಡುವೆ ದೇಶದ ಮೊದಲ ಸೌರ ಬೋಟು ‘ಆದಿತ್ಯ’ವನ್ನು ಓಡಿಸಿದ್ದು! ಆ ಸಾಧನೆಗೆ ಸಿಗಬೇಕಾದ ಗೌರವ ವಾಟರ್ ಮೆಟ್ರೋದ ಪ್ರಚಾರದ ನಡುವೆ ಮಸುಕಾಗಿರುವುದು ನನಗೆ ಬೇಸರ ತಂದಿದೆ.

ಟರ್ಮಿನಲ್‌ಗಳ ಆಯ್ಕೆಯ ಕ್ರಮವೇ ನನ್ನ ಮುಖ್ಯ ಆಕ್ಷೇಪ. ಯೋಜನೆಯನ್ನು ಮಂಡಿಸಿದ್ದು ಹತ್ತು ದ್ವೀಪಗಳ ಜನರ ಹೆಸರಿನಲ್ಲಿ. ವೈಪಿನ್ ದ್ವೀಪವನ್ನು ನಗರಕ್ಕೆ ಕೂಡಿಸುವ ಗೋಶ್ರೀ ಸೇತುವೆಗಳು 2004ರಲ್ಲಿಯೇ ಬಂದಿವೆ. ಫೋರ್ಟ್ ಕೊಚ್ಚಿಗೆ ರಸ್ತೆಯೂ ಇದೆ, ಹಳೆಯ ಬೋಟೂ ಇದೆ. ಹದಿನಾಲ್ಕು ದ್ವೀಪಗಳ ಕಡಮಕ್ಕುಡಿ ಪಂಚಾಯಿತಿಯಂಥ ಕಡೆ, ಆಸ್ಪತ್ರೆಗೂ ಶಾಲೆಗೂ ನೀರನ್ನೇ ದಾಟಬೇಕಾದ ಜನರ ಸರದಿಯನ್ನು ಅವುಗಳ ನಂತರಕ್ಕೆ ಇಡಲಾಯಿತು. ಪ್ರಯಾಣಿಕರು ಹೆಚ್ಚಿರುವ ಮಾರ್ಗಗಳಿಂದ ಆದಾಯ ಬಂದರೆ ಸಾಲದ ಕಂತು ಕಟ್ಟುವುದು ಸಲೀಸಾಗುತ್ತದೆ ಎಂಬ ವಾದ ನನಗೆ ಅರ್ಥವಾಗುತ್ತದೆ, ಅದು ಹುರುಳಿಲ್ಲದ ವಾದವೂ ಅಲ್ಲ. ಆದರೆ ದ್ವೀಪವಾಸಿಗಳ ಸಂಕಷ್ಟವನ್ನು ಮುಂದಿಟ್ಟು ತಂದ ಹಣದಲ್ಲಿ ಮೊದಲ ಹಂತದಲ್ಲಿಯೇ ಅವರಿಗೆ ಗೊತ್ತುಪಡಿಸಿದ ಪಾಲು ಇರಬೇಕು. ಆದಾಯ ಬಂದ ಮೇಲೆ ನೋಡೋಣ ಎಂದರೆ ಆ ಸರದಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಭಾನುವಾರ ಪ್ರವಾಸಿಗರ ಸಾಲಿನಲ್ಲಿ ಊರಿನವರು ನಿಲ್ಲಬೇಕಾಗುವ ಫೋರ್ಟ್ ಕೊಚ್ಚಿ ಮಾರ್ಗಕ್ಕೂ, ಯಾರೂ ಫೋಟೋ ತೆಗೆಯಲು ಬಾರದ ಮುಳವುಕಾಡಿಗೂ ಒಂದೇ ಅಳತೆಗೋಲು ಹಿಡಿಯುವುದು ಸರಿಯಲ್ಲ.

ಸ್ಥಳೀಯ ಸಂಸ್ಥೆಯೇ ಮುಂದೆ ನಿಂತು ಮಾಡಿದ ಕೆಲಸವೊಂದು ಅದೇ ಊರಿನಲ್ಲಿ ಇದೆ, ಅದನ್ನು ಬಿಟ್ಟರೆ ಈ ವಿಮರ್ಶೆ ಅಪೂರ್ಣ. 2015ರ ಆಗಸ್ಟ್ 26ರಂದು ಫೋರ್ಟ್ ಕೊಚ್ಚಿಯ ಬಳಿ ಮೀನುಗಾರಿಕೆಯ ದೋಣಿ ಬಡಿದು ಪ್ರಯಾಣಿಕರ ಬೋಟು ಮುಳುಗಿ ಜೀವಹಾನಿಯಾಯಿತು. ಫೋರ್ಟ್ ಕೊಚ್ಚಿ–ವೈಪಿನ್ ನಡುವಿನ ಆ ಕಡವಿನಲ್ಲಿ ಈಗ ವಾಹನಗಳನ್ನೂ ಜನರನ್ನೂ ಒಟ್ಟಿಗೆ ದಾಟಿಸುವ ‘ಸೇತು ಸಾಗರ್’ ರೋ-ರೋ ಹಡಗುಗಳು 2018ರಿಂದ ಓಡುತ್ತಿವೆ. ಹಡಗುಗಳು ಕೊಚ್ಚಿ ಮಹಾನಗರ ಪಾಲಿಕೆಯವು, ನಡೆಸುವುದು ರಾಜ್ಯದ ಒಳನಾಡು ನೌಕಾಯಾನ ನಿಗಮ. ವಾಟರ್ ಮೆಟ್ರೋದಷ್ಟು ಅಂದವಾದ ಟರ್ಮಿನಲ್ ಅಲ್ಲಿ ಇಲ್ಲ, ಹೊಳಪೂ ಇಲ್ಲ. ಆದರೆ ಸ್ಕೂಟರಿನವರು, ಮೀನು ಸಾಗಿಸುವವರು, ಶಾಲೆಯ ಮಕ್ಕಳು ದಿನವಿಡೀ ಅದನ್ನೇ ನೆಚ್ಚಿದ್ದಾರೆ. ನಗರ ಪಾಲಿಕೆಯೊಂದು ಜಲಸಾರಿಗೆಗೆ ತಾನೇ ಹೊಣೆಯಾಗಬಲ್ಲದು ಎಂಬುದಕ್ಕೆ ಇದು ಕಣ್ಣೆದುರಿನ ಪುರಾವೆ.

ಮಂಗಳೂರಿನ ಪ್ರಸ್ತಾವವನ್ನು ಕರ್ನಾಟಕ ಜಲಸಾರಿಗೆ ಮಂಡಳಿ ಮುಂದಿಟ್ಟಿದೆ: ನೇತ್ರಾವತಿ ಮತ್ತು ಗುರುಪುರ ನದಿಗಳಲ್ಲಿ ಬಜಾಲಿನಿಂದ ಮರವೂರಿನವರೆಗೆ ಸುಮಾರು 30 ಕಿಲೋಮೀಟರ್, 17 ನಿಲ್ದಾಣಗಳು. ಬಂದರಿನ ದಕ್ಕೆಯಿಂದ ಬೆಂಗ್ರೆಗೆ, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಇಂದಿಗೂ ಜನ ಕಡವು ದಾಟುತ್ತಿದ್ದಾರೆ. ಹದಿನೇಳು ನಿಲ್ದಾಣಗಳಲ್ಲಿ ಮೊದಲು ಕಟ್ಟಬೇಕಾದದ್ದು ಯಾವುದು ಎಂಬ ಪ್ರಶ್ನೆಗೆ ಆ ಕಡವುಗಳೇ ಉತ್ತರ ಕೊಡುತ್ತವೆ. ಪಾಂಟೂನ್ ಇಲ್ಲದ ಜೆಟ್ಟಿಗೆ ಒಂದು ರೂಪಾಯಿಯೂ ಮಂಜೂರಾಗಬಾರದು. ಪ್ರತಿ ನಿಲ್ದಾಣದ ಅಂದಾಜುಪಟ್ಟಿಯಲ್ಲಿ ಅಲ್ಲಿಂದ ಬಸ್ ನಿಲ್ದಾಣದವರೆಗಿನ ಕಾಲುದಾರಿಯ ಖರ್ಚು ಸೇರಿರಬೇಕು, ಮಹಾನಗರ ಪಾಲಿಕೆಯ ಪಾಲು ಎಷ್ಟು ಎಂಬುದು ಬಜೆಟ್ಟಿನಲ್ಲಿಯೇ ಬರೆದಿರಬೇಕು. ಅಳಿವೆಯ ಬಾಯಿಯಲ್ಲಿ ಪ್ರತಿವರ್ಷ ತುಂಬುವ ಮರಳನ್ನು ತೆಗೆಯಲು ಯಾರು ಹಣ ಕೊಡುತ್ತಾರೆ ಎಂಬುದನ್ನು ಬೋಟಿನ ಟೆಂಡರಿಗೆ ಮೊದಲೇ ತೀರ್ಮಾನಿಸಬೇಕು.

ಅಧ್ಯಯನಕ್ಕೆಂದು ಕೊಚ್ಚಿಗೆ ಹೋಗುವ ನಮ್ಮ ಕಾರ್ಪೊರೇಟರ್‌ಗಳಿಗೂ ಅಧಿಕಾರಿಗಳಿಗೂ ಒಂದು ಸಲಹೆ: ಫೋರ್ಟ್ ಕೊಚ್ಚಿ ಮಾರ್ಗವನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಕಚೇರಿಯ ಹೊತ್ತಿಗೆ ವೈಟ್ಟಿಲದಲ್ಲಿ ಮೆಟ್ರೋ ರೈಲಿನಿಂದ ಇಳಿದು ಬೋಟಿನಲ್ಲಿ ಕಾಕ್ಕನಾಡಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಇನ್ಫೋಪಾರ್ಕಿನವರೆಗೆ ಪ್ರಯಾಣಿಸಿ. ಬಳಿಕ ಹೈಕೋರ್ಟ್ ಟರ್ಮಿನಲ್ಲಿಗೆ ಬಂದು ಮುಳವುಕಾಡಿನ ಕಡೆಯ ಬೋಟು ಹತ್ತಿ, ಅಲ್ಲಿ ಇಳಿದವರು ಮನೆ ಸೇರಲು ಎಷ್ಟು ದೂರ ನಡೆಯುತ್ತಾರೆ ಎಂಬುದನ್ನು ಅವರನ್ನೇ ಕೇಳಿ ಬರೆದುಕೊಳ್ಳಿ.